ಕ್ರಕಚವ್ಯವಹಾರವೂ ನಿಂತ ಮರದ ಘನಫಲವೂ

ನೃಪತುಂಗನ ಆಸ್ಥಾನವೆಂದೊಡನೆ ಕನ್ನಡ ವಿದ್ವಾಂಸರ ಮನಸ್ಸು ಕವಿರಾಜಮಾರ್ಗದ ಕಡೆಗೆ ಹರಿಯುವುದು ಸಹಜವೇ ಆಗಿದೆ. ಆದರೆ ಅದೇ ಅಮೋಘವರ್ಷನ (೮೧೪–೮೭೮) ಆಳ್ವಿಕೆಯಲ್ಲಿ, ಆತನನ್ನು ಗ್ರಂಥಾರಂಭದಲ್ಲಿಯೇ ಸ್ತುತಿಸಿ, ಕ್ರಿ. ಶ. ೮೫೦ರ ಸುಮಾರಿಗೆ ರಚಿತವಾದ ಮಹಾವೀರಾಚಾರ್ಯನ ಗಣಿತಸಾರಸಂಗ್ರಹವು ಸಾಹಿತ್ಯಾಭ್ಯಾಸಿಗಳ ಕಣ್ಣಿಗೆ ಬೀಳುವುದು ವಿರಳ. ಎಂ. ರಂಗಾಚಾರ್ಯರು ೧೯೧೨ರಲ್ಲಿ ಮದರಾಸಿನಿಂದ ಇದರ ಮೂಲವನ್ನೂ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ೧೯೬೩ರಲ್ಲಿ ಸೊಲ್ಲಾಪುರದಿಂದ ಹಿಂದೀ ಅನುವಾದವೂ, ೨೦೦೦ದಲ್ಲಿ ಹೊಂಬುಜದಿಂದ ಪದ್ಮಾವತಮ್ಮನವರ ಕನ್ನಡಾನುವಾದವೂ ಹೊರಬಂದುವು. ಇಷ್ಟು ಅನುಕೂಲವಿದ್ದೂ ಗ್ರಂಥದ ಒಂದೊಂದು ಪ್ರಕರಣವನ್ನು ಹಿಡಿದು, ಅದು ಏನನ್ನು ಅಳೆಯುತ್ತದೆ, ಏನನ್ನು ಅಳೆಯದೆ ಬಿಡುತ್ತದೆ ಎಂದು ವಿಮರ್ಶಿಸುವ ಕಾರ್ಯವು ಕನ್ನಡದಲ್ಲಿ ಸಾಕಷ್ಟು ನಡೆದಿಲ್ಲ. ಆ ಪ್ರಕರಣಗಳಲ್ಲೊಂದಾದ ಕ್ರಕಚವ್ಯವಹಾರವು, ಎಂದರೆ ಗರಗಸದಿಂದ ಮರವನ್ನು ಸೀಳುವ ಲೆಕ್ಕವು, ಇಲ್ಲಿಯ ವಿಷಯ.

ಈ ಪ್ರಕರಣದ ಬಗೆಗೆ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಅರಣ್ಯಶಾಸ್ತ್ರದವರು ಇಂದು ಮಾಡುವ ಮರದ ಅಳತೆಯೆಲ್ಲವೂ ನಮ್ಮ ಪ್ರಾಚೀನರಿಗೆ ಗೊತ್ತಿದ್ದಿತೆಂಬುದು ಒಂದು. ಇದು ಪಾಠಶಾಲೆಯ ಬಾಲಕರಿಗಾಗಿ ಹೊಸೆದ ಒಗಟೇ ಹೊರತು ಮರಕ್ಕೂ ಇದಕ್ಕೂ ಸಂಬಂಧವಿಲ್ಲವೆಂಬುದು ಇನ್ನೊಂದು. ಮೊದಲನೆಯದರಲ್ಲಿ ಅಭಿಮಾನವು ಹೆಚ್ಚು; ಎರಡನೆಯದರಲ್ಲಿ ಆಲಸ್ಯವು ಹೆಚ್ಚು. ಸೂತ್ರವನ್ನು ಲೆಕ್ಕ ಹಾಕಿ ನೋಡಿದವರಿಗೆ ಎರಡೂ ನಿಲ್ಲುವುದಿಲ್ಲ.

ಮೊದಲು ಶಬ್ದವಿಚಾರ. ಕ್ರಕಚವೆಂಬುದು ಸಂಸ್ಕೃತದಲ್ಲಿ ಗರಗಸದ ಹೆಸರು. ಕನ್ನಡದ ಗರಗಸವು ಇದರ ತದ್ಭವವೆಂದೇ ನಿಘಂಟುಕಾರರ ಮತ. ಬಡಗಿಯ ಕೈಯಲ್ಲಿ ಇಂದಿಗೂ ಆಡುತ್ತಿರುವ ಮಾತೊಂದು ಹೀಗೆ ಗಣಿತಗ್ರಂಥದ ಅಧ್ಯಾಯದ ಹೆಸರಿನಲ್ಲಿ ಅಡಗಿಕೊಂಡಿದೆ. ಬ್ರಹ್ಮಗುಪ್ತನು ೬೨೮ರಲ್ಲಿ ಬರೆದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಮಿಶ್ರಕ, ಶ್ರೇಢಿ, ಕ್ಷೇತ್ರ, ಖಾತ, ಚಿತಿ, ಕ್ರಾಕಚಿಕ, ರಾಶಿ, ಛಾಯಾ ಎಂದು ಎಂಟು ವ್ಯವಹಾರಗಳನ್ನು ಎಣಿಸಿದ್ದಾನೆ. ಮಹಾವೀರನು ಚಿತಿಯನ್ನೂ ಕ್ರಾಕಚಿಕವನ್ನೂ ಖಾತವ್ಯವಹಾರದ ಹೊಟ್ಟೆಯೊಳಗೇ ಸೇರಿಸಿದನು. ನೆಲವನ್ನು ಅಗೆಯುವುದು, ಇಟ್ಟಿಗೆಯನ್ನು ಪೇರಿಸುವುದು, ಮರವನ್ನು ಸೀಳುವುದು, ಈ ಮೂರೂ ಕೂಲಿಗಾರನ ಕೆಲಸಗಳು. ಈ ಜೋಡಣೆಯ ಅರ್ಥವು ಮುಂದೆ ಸ್ಪಷ್ಟವಾಗುವುದು.

ಮಹಾವೀರನ ಸೂತ್ರದ ತಾತ್ಪರ್ಯವಿಷ್ಟು. ಆರಂಗುಲ ಕಡಮೆಯಾದ ಎರಡು ಹಸ್ತಕ್ಕೆ ಕಿಷ್ಕುವೆಂದು ಹೆಸರು. ಹಸ್ತಕ್ಕೆ ೨೪ ಅಂಗುಲವಾದ್ದರಿಂದ ಕಿಷ್ಕುವೆಂದರೆ ೪೨ ಅಂಗುಲ. ದಿಮ್ಮಿಯ ಈ ತುದಿಯಿಂದ ಆ ತುದಿಯವರೆಗೆ ಗರಗಸವು ಹಾಯುವ ಒಂದೊಂದು ದಾರಿಗೆ ಮಾರ್ಗವೆಂದು ಹೆಸರು. ಶಾಕ, ಅರ್ಜುನ, ಸರಲ, ಸರ್ಜ ಮೊದಲಾದ ಮರಗಳಲ್ಲಿ ೯೬ ಅಂಗುಲ ಉದ್ದ, ಒಂದು ಕಿಷ್ಕು ಅಗಲದ ಒಂದು ಮಾರ್ಗವನ್ನು ಸೀಳಿದರೆ ಒಂದು ಪಟ್ಟಿಕೆಯ ಕೆಲಸವಾಯಿತು. ಉದ್ದ, ಅಗಲ, ಮಾರ್ಗಸಂಖ್ಯೆ ಈ ಮೂರನ್ನೂ ಗುಣಿಸಿ ಪಟ್ಟಿಕೆಯಿಂದ ಭಾಗಿಸಿದರೆ ಒಟ್ಟು ಕೆಲಸವು ದೊರೆಯುವುದು. ಆತನು ಕೊಡುವ ಉದಾಹರಣೆಯಲ್ಲಿ ಶಾಕದ ದಿಮ್ಮಿಯು ೧೬ ಹಸ್ತ ಉದ್ದ, ಮೂರೂವರೆ ಹಸ್ತ ಅಗಲ, ಮಾರ್ಗಗಳು ೮. ಗುಣಿಸಿದರೆ ೪೪೮ ಚದರ ಹಸ್ತ. ೯೬ನ್ನು ೪೨ರಿಂದ ಗುಣಿಸಿ ೫೭೬ರಿಂದ ಭಾಗಿಸಿದರೆ ಪಟ್ಟಿಕೆಯು ೭ ಚದರ ಹಸ್ತ. ಆದುದರಿಂದ ಕೆಲಸವು ೬೪ ಪಟ್ಟಿಕೆ.

ಶಾಕವೆಂದರೆ ತೇಗ, ಬೀದರದ ಕಡೆಯ ಸಾಗವಾನಿ. ಹಸ್ತವನ್ನು ಸುಮಾರು ಒಂದೂವರೆ ಅಡಿಯೆಂದು ಹಿಡಿದರೆ ಮೇಲಣ ದಿಮ್ಮಿಯು ೨೪ ಅಡಿ ಉದ್ದ, ಐದಡಿಗೂ ಮೀರಿದ ಅಗಲವುಳ್ಳದ್ದು. ಇಂತಹ ಮರವು ತಲೆಮಾರುಗಳ ಕಾಲ ಕಾಡಿನಲ್ಲಿ ಬೆಳೆದ ಮಹಾವೃಕ್ಷವೇ ಹೊರತು ಯಾರೋ ನೆಟ್ಟು ಬೆಳೆಸಿದ ತೋಪಿನ ಮರವಲ್ಲ. ಲೆಕ್ಕವು ಸರಿಯಾಗಿ ಭಾಗವಾಗಲೆಂದು ಅಂಕಗಳನ್ನು ಆರಿಸಿರುವುದು ನಿಶ್ಚಯ. ಆದರೂ ಉದಾಹರಣೆಗೆ ತೇಗವನ್ನೇ ಆರಿಸಿಕೊಂಡಿರುವುದೂ ಪಟ್ಟಿಕೆಯ ಪ್ರಮಾಣಕ್ಕೆ ಮರಜಾತಿಗಳನ್ನು ಹೆಸರಿಸಿರುವುದೂ ಗಮನಾರ್ಹ. ಒಗಟಿಗೆ ಮರದ ಹೆಸರು ಬೇಕಾಗಿರಲಿಲ್ಲ.

ಇನ್ನು ಭಾಸ್ಕರಾಚಾರ್ಯನ ಲೀಲಾವತಿ (೧೧೫೦). ಅಲ್ಲಿಯ ದಿಮ್ಮಿಯು ಬುಡದಲ್ಲಿ ೨೦ ಅಂಗುಲ, ತುದಿಯಲ್ಲಿ ೧೬ ಅಂಗುಲ ದಪ್ಪ, ಉದ್ದ ೧೦೦ ಅಂಗುಲ, ಸೀಳುಗಳು ನಾಲ್ಕು. ಬುಡ ತುದಿಗಳ ಸರಾಸರಿ ೧೮. ಅದನ್ನು ೧೦೦ರಿಂದಲೂ ೪ರಿಂದಲೂ ಗುಣಿಸಿದರೆ ೭೨೦೦. ೫೭೬ರಿಂದ ಭಾಗಿಸಿದರೆ ಹನ್ನೆರಡೂವರೆ ಚದರ ಹಸ್ತ. ಮಹಾವೀರನ ಉದಾಹರಣೆಯಲ್ಲಿ ಅಗಲವು ಒಂದೇ. ಭಾಸ್ಕರನಲ್ಲಿ ಮರವು ಮೇಲೆ ಹೋದಂತೆ ಸಣ್ಣಗಾಗುವುದೆಂಬ ಸಂಗತಿಯು ಒಳಗೆ ಬಂದಿದೆ. ಆದರೆ ಫಲಿತಾಂಶವು ಎರಡರಲ್ಲಿಯೂ ಚದರವೇ ಹೊರತು ಘನವಲ್ಲ. ಗರಗಸವು ತೆರೆದ ಮುಖಗಳ ವಿಸ್ತೀರ್ಣವನ್ನು ಇವರು ಅಳೆದರು. ಮರದೊಳಗಿನ ದ್ರವ್ಯವನ್ನು ಅಳೆಯಲಿಲ್ಲ. ಈ ಭೇದವನ್ನು ಮರೆತುದರಿಂದಲೇ ಮೇಲೆ ಹೇಳಿದ ಮೊದಲನೆಯ ಅಭಿಪ್ರಾಯವು ಹುಟ್ಟಿಕೊಂಡಿತು.

ವಿಸ್ತೀರ್ಣವನ್ನೇಕೆ ಅಳೆದರೆಂಬುದಕ್ಕೆ ಲೀಲಾವತಿಯಲ್ಲಿಯೇ ಉತ್ತರವಿದೆ. ಇಟ್ಟಿಗೆ, ಕಲ್ಲು, ಅಗೆತ, ಗರಗಸ ಈ ಕೆಲಸಗಳಲ್ಲಿ ಬೆಲೆಯು ಕೆಲಸಗಾರರೊಡನೆ ಆದ ಒಪ್ಪಂದದಂತೆ, ವಸ್ತುವಿನ ಮೃದುತ್ವ ಕಠಿನತ್ವಗಳನ್ನು ಅನುಸರಿಸಿ, ನಿರ್ಧಾರವಾಗತಕ್ಕುದೆಂದು ಭಾಸ್ಕರನು ಸ್ಪಷ್ಟವಾಗಿ ಹೇಳಿದ್ದಾನೆ. ಎಂದರೆ ಪ್ರಶ್ನೆಯು ಮರದ ಬೆಲೆಯದಲ್ಲ, ಕೂಲಿಯದು. ಕುಯ್ಯುವವನ ತೋಳಿನ ಆಯಾಸವು ಗರಗಸವು ಹಾಯ್ದ ವಿಸ್ತೀರ್ಣಕ್ಕೂ ಮರದ ಗಡಸುತನಕ್ಕೂ ಅನುಗುಣವಾದುದು. ಮಹಾವೀರನು ಪಟ್ಟಿಕೆಗೆ ಮರಜಾತಿಗಳನ್ನು ಹೆಸರಿಸಿರುವುದೂ ಇದೇ ಕಾರಣದಿಂದ. ಈ ದೃಷ್ಟಿಯಿಂದ ನೋಡಿದರೆ ಪ್ರಕರಣವು ಒಗಟಾಗಿ ಉಳಿಯುವುದಿಲ್ಲ. ನ್ಯಾಯವಾದ ಕೂಲಿಯ ಕೋಷ್ಟಕವಾಗುತ್ತದೆ.

ಇಲ್ಲಿ ಇನ್ನೊಂದು ಸಮಾಧಾನವನ್ನೂ ಪರೀಕ್ಷಿಸಬೇಕು. ಶ್ರಾವಕರಿಗೆ ವರ್ಜ್ಯವಾದ ಹದಿನೈದು ಜೀವನೋಪಾಯಗಳಲ್ಲಿ ವನಕರ್ಮವೂ ಒಂದೆಂದು ಜೈನ ಆಚಾರಗ್ರಂಥಗಳು ಎಣಿಸುತ್ತವೆ. ಮಹಾವೀರನು ಜೈನನಾದುದರಿಂದ ಮರವನ್ನು ಸರಕೆಂದು ಅಳೆಯಲು ಹೇಸಿ ಕೆಲಸವನ್ನು ಮಾತ್ರ ಅಳೆದನೆಂದು ಯಾರಾದರೂ ಹೇಳಬಹುದು. ಮಾತು ರಮ್ಯವಾಗಿದೆ, ನಿಜವೆಂದು ತೋರುವುದಿಲ್ಲ. ಜೈನರಲ್ಲದ ಬ್ರಹ್ಮಗುಪ್ತ ಭಾಸ್ಕರರೂ ಕೆಲಸವನ್ನೇ ಅಳೆದಿದ್ದಾರೆ. ವನಕರ್ಮಕ್ಕೆ ಹೇಸುವವನು ದಿಮ್ಮಿಯನ್ನು ಎಂಟು ಕಡೆ ಸೀಳಿಸುವ ಉದಾಹರಣೆಯನ್ನು ಬರೆಯುತ್ತಲೂ ಇರಲಿಲ್ಲ.

ಹಾಗಾದರೆ ಮರದ ಘನಫಲವನ್ನು ತಿಳಿಯುವ ಉಪಾಯವು ಈ ಗ್ರಂಥಗಳಲ್ಲಿ ಇಲ್ಲವೆ? ಇದೆ, ಆದರೆ ಹುಡುಕುವವರು ಹುಡುಕುವ ಸ್ಥಳದಲ್ಲಿ ಇಲ್ಲ. ಅದು ಖಾತವ್ಯವಹಾರದಲ್ಲಿದೆ, ಎಂದರೆ ಕುಳಿಯ ಲೆಕ್ಕದಲ್ಲಿದೆ. ಬಾಯಿ ಅಗಲವಾಗಿ ತಳ ಕಿರಿದಾದ ಬಾವಿಯನ್ನು ಮನಸ್ಸಿನಲ್ಲಿ ತಲೆಕೆಳಗು ಮಾಡಿ ನಿಲ್ಲಿಸಿದರೆ ಅದೇ ಬುಡ ದಪ್ಪವಾಗಿ ತುದಿ ಸಣ್ಣಗಾದ ಮರದ ಬೊಡ್ಡೆ. ಬಾವಿಯಿಂದ ತೆಗೆದ ಮಣ್ಣಿನ ಪ್ರಮಾಣವೂ ಬೊಡ್ಡೆಯೊಳಗಿನ ಮರದ ಪ್ರಮಾಣವೂ ಗಣಿತಕ್ಕೆ ಒಂದೇ ಪ್ರಶ್ನೆ. ಬಹಮನಿಯರ ಕಾಲದಲ್ಲಿ ಜಂಬಿಟ್ಟಿಗೆಯ ನೆಲವನ್ನು ಕೊರೆದು ಕರೇಜ್ ಎಂಬ ಸುರಂಗದ ನೀರುದಾರಿಯನ್ನೂ ಅದಕ್ಕೆ ಸಾಲು ಬಾವಿಗಳನ್ನೂ ಮಾಡಿದ ಬೀದರದ ಜನರಿಗೆ ಕುಳಿಯ ಲೆಕ್ಕವು ಪರಕೀಯವಾದುದಲ್ಲ.

ಮಹಾವೀರನು ಕುಳಿಯ ಘನಫಲವನ್ನು ಮೂರು ಬಗೆಯಾಗಿ ಹೇಳುತ್ತಾನೆ. ಬಾಯಿ ತಳಗಳ ಅಳತೆಗಳನ್ನು ಕೂಡಿಸಿ ಸರಾಸರಿ ತೆಗೆದು, ಆ ಸರಾಸರಿಯ ವಿಸ್ತೀರ್ಣವನ್ನು ಆಳದಿಂದ ಗುಣಿಸಿದರೆ ಕರ್ಮಾಂತಿಕಫಲ. ಬಾಯಿ ತಳಗಳ ವಿಸ್ತೀರ್ಣಗಳನ್ನೇ ಬೇರೆಬೇರೆಯಾಗಿ ಕಂಡುಕೊಂಡು, ಅವುಗಳ ಸರಾಸರಿಯನ್ನು ಆಳದಿಂದ ಗುಣಿಸಿದರೆ ಔಂಡ್ರಫಲ. ಮೊದಲನೆಯದು ನಿಜಕ್ಕಿಂತ ಕಡಮೆ, ಎರಡನೆಯದು ನಿಜಕ್ಕಿಂತ ಹೆಚ್ಚು. ಇವೆರಡರ ಅಂತರವನ್ನು ಮೂರರಿಂದ ಭಾಗಿಸಿ ಕರ್ಮಾಂತಿಕಕ್ಕೆ ಸೇರಿಸಿದರೆ ಸೂಕ್ಷ್ಮಫಲ. ಬ್ರಹ್ಮಗುಪ್ತನಲ್ಲಿಯೂ ಇದೇ ವಿಧಾನವಿದೆ.

ಈ ಮೂರಕ್ಕೂ ಇಂದಿನ ಅರಣ್ಯಗಣಿತದಲ್ಲಿ ಸರಿಯಾದ ಪ್ರತಿರೂಪಗಳಿವೆ. ದಿಮ್ಮಿಯ ನಡುವಿನ ವಿಸ್ತೀರ್ಣವನ್ನು ಉದ್ದದಿಂದ ಗುಣಿಸುವುದು ಹ್ಯೂಬರನ ಸೂತ್ರ. ಎರಡು ತುದಿಗಳ ವಿಸ್ತೀರ್ಣದ ಸರಾಸರಿಯನ್ನು ಉದ್ದದಿಂದ ಗುಣಿಸುವುದು ಸ್ಮಾಲಿಯನ್ನನ ಸೂತ್ರ. ಎರಡು ತುದಿಗಳನ್ನು ಒಂದೊಂದು ಸಲವೂ ನಡುವನ್ನು ನಾಲ್ಕು ಸಲವೂ ಎಣಿಸಿ ಆರರಿಂದ ಭಾಗಿಸುವುದು ನ್ಯೂಟನ್ನನ ಹೆಸರಿನಲ್ಲಿ ಪ್ರಸಿದ್ಧವಾದ ಸೂತ್ರ. ಬಿಡಿಸಿ ನೋಡಿದರೆ, ಈ ಮೂರನೆಯದು ಮೊದಲನೆಯದರ ಮೂರರಲ್ಲಿ ಎರಡು ಪಾಲಿಗೆ ಎರಡನೆಯದರ ಮೂರರಲ್ಲಿ ಒಂದು ಪಾಲನ್ನು ಕೂಡಿಸಿದುದೇ ಆಗಿದೆ. ಕರ್ಮಾಂತಿಕಕ್ಕೆ ಅಂತರದ ಮೂರನೆಯ ಒಂದು ಪಾಲನ್ನು ಸೇರಿಸಿದರೂ ಅದೇ ಬರುವುದು. ಆದರೆ ಸಾಮ್ಯಕ್ಕೆ ಒಂದು ಮಿತಿಯುಂಟು. ಅರಣ್ಯಗಣಿತದವರು ನಡುವಿನ ಸುತ್ತಳತೆಯನ್ನು ಪಟ್ಟಿ ಸುತ್ತಿ ನಿಜವಾಗಿ ಅಳೆಯುತ್ತಾರೆ; ಪ್ರಾಚೀನರು ಬಾಯಿ ತಳಗಳಿಂದ ಅದನ್ನು ಲೆಕ್ಕದಲ್ಲಿ ಪಡೆಯುತ್ತಾರೆ. ಮರವು ಬುಡದಿಂದ ತುದಿಗೆ ಸಮವಾಗಿ ಸಣ್ಣಗಾಗುತ್ತ ಹೋದರೆ ಎರಡೂ ಒಂದೇ. ಬುಡದಲ್ಲಿ ಉಬ್ಬಿ, ಮೇಲೆ ತಟ್ಟನೆ ಇಳಿದು, ಅನಂತರ ನೆಟ್ಟಗೆ ಏರುವ ಮರದಲ್ಲಿ ಎರಡೂ ಬೇರೆಯಾಗುತ್ತವೆ. ಹಳೆಯ ತೇಗದ ಬುಡವು ಹೀಗೆ ಉಬ್ಬುತಗ್ಗಾಗಿರುವುದು ಎಲ್ಲರೂ ಕಂಡುದೇ.

ಔಂಡ್ರವೆಂಬ ಶಬ್ದದ ಮೇಲೆ ಒಂದು ಮಾತು. ಕರ್ಮಾಂತಿಕವು ಕೆಲಸಗಾರರಿಗೆ ಸಂಬಂಧಿಸಿದ ಹೆಸರಾಗಿರುವಂತೆ, ಔಂಡ್ರವು ಕೆರೆ ಬಾವಿಗಳನ್ನು ಅಗೆಯುವ ಒಡ್ಡರ ಹೆಸರಿಗೆ ಸಂಬಂಧಿಸಿದುದೆಂದು ಹೇಳುವ ಆಸೆ ಶಬ್ದಶಾಸ್ತ್ರಜ್ಞರಿಗೆ ಹುಟ್ಟದಿರದು. ಬ್ರಹ್ಮಗುಪ್ತನಲ್ಲಿ ಈ ಪದವು ಔತ್ರವೆಂಬ ರೂಪದಲ್ಲಿದೆ. ಪಾಠವೇ ಎರಡಾಗಿರುವಲ್ಲಿ ಒಂದು ಪಾಠವನ್ನು ಮಾತ್ರ ಹಿಡಿದು ಜನಾಂಗದ ಹೆಸರಿನವರೆಗೆ ಹೋಗುವುದು ಸಾಹಸ.

ಇನ್ನು ಸುತ್ತಳತೆಯಿಂದ ವಿಸ್ತೀರ್ಣವನ್ನು ತೆಗೆಯುವ ಬಗೆ. ನಿಂತ ಮರದ ವ್ಯಾಸವನ್ನು ನೇರವಾಗಿ ಕಾಣಲಾಗದು, ಸುತ್ತಳತೆಯೇ ಗತಿ. ಮಹಾವೀರನ ಸ್ಥೂಲನಿಯಮದಲ್ಲಿ ಪರಿಧಿಯು ವ್ಯಾಸದ ಮೂರರಷ್ಟು. ಆಗ ವಿಸ್ತೀರ್ಣವು ಪರಿಧಿಯ ವರ್ಗದ ಹನ್ನೆರಡನೆಯ ಒಂದು ಪಾಲಾಗುವುದು. ಸೂಕ್ಷ್ಮನಿಯಮದಲ್ಲಿ ಪರಿಧಿಯು ವ್ಯಾಸದ ಹತ್ತರ ವರ್ಗಮೂಲದಷ್ಟು. ಆಗ ಭಾಜಕವು ಸುಮಾರು ೧೨.೬೫. ನಿಜವಾದ ಭಾಜಕವು ಸುಮಾರು ೧೨.೫೭. ಆದುದರಿಂದ ಸ್ಥೂಲನಿಯಮವು ನೂರಕ್ಕೆ ಐದರಷ್ಟು ಹೆಚ್ಚಾಗಿಯೂ ಸೂಕ್ಷ್ಮನಿಯಮವು ನೂರಕ್ಕೆ ಒಂದಕ್ಕಿಂತ ಕಡಮೆಯಷ್ಟು ಕೊರತೆಯಾಗಿಯೂ ಹೇಳುತ್ತವೆ.

ಇದರೊಡನೆ ಮರದ ಪೇಟೆಯ ನಿಯಮವನ್ನು ಹೋಲಿಸಬೇಕು. ಸುತ್ತಳತೆಯ ಕಾಲುಭಾಗವನ್ನು ವರ್ಗಮಾಡಿ ಉದ್ದದಿಂದ ಗುಣಿಸುವ ಪದ್ಧತಿಯು ಇಂಗ್ಲೆಂಡಿನ ಎಡ್ವರ್ಡ್ ಹೊಪ್ಪಸ್ ಎಂಬಾತನು ೧೭೩೬ರಲ್ಲಿ ಪ್ರಕಟಿಸಿದ ಕೋಷ್ಟಕಗಳಿಂದ ಪ್ರಸಿದ್ಧವಾಗಿ ಭಾರತದ ಮರದ ವ್ಯಾಪಾರಕ್ಕೂ ಬಂದಿತು. ೧೯೫೬ರ ಶಾಸನದಿಂದ ಮೆಟ್ರಿಕ್ ಮಾನವು ದೇಶಕ್ಕೆ ಬಂದ ಮೇಲೂ ಈ ಪದ್ಧತಿಯೂ ಘನ ಅಡಿಯೂ ಮರದ ಅಡತಿಗಳಿಂದ ಹೊರಟುಹೋಗಲಿಲ್ಲ. ಇದರಲ್ಲಿ ಭಾಜಕವು ೧೬. ಆದುದರಿಂದ ದುಂಡು ದಿಮ್ಮಿಯ ನೂರು ಪಾಲಿನಲ್ಲಿ ೭೮.೫ ಪಾಲು ಮಾತ್ರ ಲೆಕ್ಕಕ್ಕೆ ಬರುವುದು, ಮಿಕ್ಕ ೨೧.೫ ಪಾಲು ಲೆಕ್ಕದ ಹೊರಗೆ ಉಳಿಯುವುದು. ತೊಗಟೆಗೂ, ಚೌಕಮಾಡುವಾಗ ಹೋಗುವ ಅಂಚಿಗೂ, ಗರಗಸದ ಪುಡಿಗೂ ಬಿಟ್ಟ ಸೋಡಿಯಿದೆಂದು ಸಮರ್ಥಿಸುವುದುಂಟು. ದುಂಡಿನೊಳಗೆ ಹಿಡಿಯುವ ಅತಿ ದೊಡ್ಡ ಚೌಕತೊಲೆಯು ನೂರಕ್ಕೆ ೬೩.೭ ಪಾಲು ಮಾತ್ರ. ಆದುದರಿಂದ ಈ ನಿಯಮವು ದುಂಡನ್ನೂ ಹೇಳುವುದಿಲ್ಲ, ಚೌಕವನ್ನೂ ಹೇಳುವುದಿಲ್ಲ. ಮೇಲಾಗಿ ಅಂಚಿನ ಹಲಗೆಯೂ ಪುಡಿಯೂ ಕೊಂಡವನ ಅಂಗಳದಲ್ಲಿಯೇ ಉಳಿಯುತ್ತವೆಯಲ್ಲವೆ?

ಬೀದರ ನಗರದೊಳಗೆ ಸೇರಿಹೋಗಿರುವ ಚಿದ್ರಿಯ ಕಡೆಯ ಕೆಂಪು ನೆಲದಲ್ಲಿ, ಹೊಲದ ಬದುವಿನ ಮೇಲೆ, ಒಂದು ಸಾಗವಾನಿಯನ್ನು ಲೆಕ್ಕಕ್ಕಾಗಿ ಕಲ್ಪಿಸಿಕೊಳ್ಳಬಹುದು. ಬೊಡ್ಡೆಯ ಬುಡದಲ್ಲಿ ಸುತ್ತಳತೆ ೪ ಅಡಿ, ಇಪ್ಪತ್ತಡಿಯ ಮೇಲೆ ೨ ಅಡಿ, ನಡುವೆ ೩ ಅಡಿ. ಮರವು ಸಮವಾಗಿ ಸಣ್ಣಗಾಗುತ್ತದೆ. ನಡುವಿನ ಅಳತೆಯಿಂದ ೧೪.೩೨ ಘನ ಅಡಿ. ಎರಡು ತುದಿಗಳ ಸರಾಸರಿಯಿಂದ ೧೫.೯೨, ಸೂಕ್ಷ್ಮಫಲವು ೧೪.೮೫. ಮಹಾವೀರನ ಹತ್ತರ ವರ್ಗಮೂಲವನ್ನೂ ಆತನ ಖಾತಸೂತ್ರವನ್ನೂ ಉಪಯೋಗಿಸಿದರೆ ೧೪.೭೬ ಬರುವುದು. ಕಾಲು ಸುತ್ತಳತೆಯ ನಿಯಮದಿಂದ ಬರುವುದು ೧೧.೨೫. ಒಂಬತ್ತನೆಯ ಶತಮಾನದ ಲೆಕ್ಕವು ನಿಜಕ್ಕಿಂತ ನೂರಕ್ಕೆ ಒಂದು ಪಾಲೂ ತಪ್ಪಲಿಲ್ಲ. ಹದಿನೆಂಟನೆಯ ಶತಮಾನದಿಂದ ನಡೆದುಬಂದ ಪೇಟೆಯ ಲೆಕ್ಕವು ಸುಮಾರು ಕಾಲುಪಾಲನ್ನು ನುಂಗಿತು. ಕೊಳ್ಳುವವನೂ ಮಾರುವವನೂ ಇದನ್ನು ತಿಳಿದು ಬೆಲೆಯನ್ನು ಅದಕ್ಕೆ ತಕ್ಕಂತೆ ಏರಿಸಿಕೊಂಡರೆ ಯಾರಿಗೂ ನಷ್ಟವಿಲ್ಲ. ಒಬ್ಬನು ಮಾತ್ರ ತಿಳಿದಿದ್ದರೆ ನಷ್ಟವು ಇನ್ನೊಬ್ಬನ ಪಾಲಿಗೆ.

ನಿಂತ ಮರವನ್ನು ಅಳೆಯಬೇಕಾದ ಪ್ರಸಂಗವು ಈಗ ರೈತನಿಗೂ ಒದಗಿದೆ. ೧೯೭೬ರ ಕರ್ನಾಟಕ ವೃಕ್ಷಸಂರಕ್ಷಣಾ ಶಾಸನದಂತೆ ಸ್ವಂತ ಹೊಲದ ತೇಗವನ್ನು ಕಡಿಯಲಿಕ್ಕೂ ಅನುಮತಿ ಬೇಕು. ಕಡಿಯುವ ಮೊದಲೇ ಮರವನ್ನು ಎಣಿಸಿ ಅಂದಾಜು ಮಾಡಬೇಕಾಗುತ್ತದೆ. ಆಗ ಕೈಗೆಟಕುವುದು ಎದೆಮಟ್ಟದ ಸುತ್ತಳತೆಯೊಂದೇ. ಅದನ್ನು ನೆಲದಿಂದ ೧.೩೭ ಮೀಟರ್ ಎತ್ತರದಲ್ಲಿ ತೆಗೆದುಕೊಳ್ಳುವುದು ಭಾರತದಲ್ಲಿ ರೂಢಿ. ಮರದ ಎತ್ತರವನ್ನು ದೂರದಿಂದ ಕೋನದ ಮೂಲಕ ತಿಳಿಯಬೇಕು. ಛಾಯಾವ್ಯವಹಾರದಲ್ಲಿ ಶಂಕುವಿನ ನೆರಳಿಗೂ ವಸ್ತುವಿನ ನೆರಳಿಗೂ ಇರುವ ಪ್ರಮಾಣದಿಂದ ಎತ್ತರವನ್ನು ತಿಳಿಯುವ ಬಗೆಯುಂಟು. ಬಿಸಿಲಿಗೆ ಕೊರತೆಯಿಲ್ಲದ ಬೀದರದಲ್ಲಿ ಇದು ಇಂದಿಗೂ ನಡೆಯತಕ್ಕುದೇ.

ಸುತ್ತಳತೆಯೊಂದರಿಂದಲೇ ಘನಫಲವನ್ನು ಹೇಳಬಹುದೆ? ಅರಣ್ಯಶಾಸ್ತ್ರದಲ್ಲಿ ಸ್ಥಳೀಯ ಘನಫಲಕೋಷ್ಟಕವೆಂಬುದು ಇದನ್ನೇ ಮಾಡುತ್ತದೆ. ಪ್ರಾಚೀನರಲ್ಲಿ ಇದರ ಸಮೀಪದ ಬಂಧುವು ಮರದ ಪ್ರಕರಣದಲ್ಲಿ ಇಲ್ಲ, ಕಣದಲ್ಲಿದೆ. ಲೀಲಾವತಿಯ ರಾಶಿವ್ಯವಹಾರದಲ್ಲಿ ನೆಲದ ಮೇಲೆ ಸುರಿದ ಧಾನ್ಯದ ರಾಶಿಯ ಪರಿಧಿಯ ಆರನೆಯ ಒಂದು ಪಾಲನ್ನು ವರ್ಗಮಾಡಿ ಎತ್ತರದಿಂದ ಗುಣಿಸಬೇಕೆಂದಿದೆ. ಎತ್ತರವನ್ನು ಅಳೆಯಬೇಕಾಗಿಯೂ ಇಲ್ಲ. ದಪ್ಪ ಕಾಳಿಗೆ ಅದು ಪರಿಧಿಯ ಹತ್ತನೆಯ ಒಂದು ಪಾಲು, ಸಣ್ಣ ಕಾಳಿಗೆ ಹನ್ನೊಂದನೆಯ ಒಂದು ಪಾಲು, ಮುಳ್ಳುಳ್ಳ ತೆನೆಯ ಧಾನ್ಯಕ್ಕೆ ಒಂಬತ್ತನೆಯ ಒಂದು ಪಾಲು. ಪರಿಧಿ ೬೦ ಹಸ್ತವಾದರೆ ದಪ್ಪ ಕಾಳಿನ ರಾಶಿಯ ಎತ್ತರ ೬, ಘನಫಲ ೬೦೦. ಇಲ್ಲಿ ಜಾತಿಭೇದದಿಂದ ಎತ್ತರವು ನಿಶ್ಚಿತವಾಯಿತು. ಸುತ್ತಳತೆಯಿಂದ ಘನಫಲವು ನಿಶ್ಚಿತವಾಯಿತು. ಮೊನೆಯಾದ ರಾಶಿಯು ಅದೇ ಬುಡದ, ಅದೇ ಎತ್ತರದ ಕಂಬದ ಮೂರನೆಯ ಒಂದು ಪಾಲೆಂಬ ಆಕಾರಗುಣಕವೂ ಸೂತ್ರದ ಒಳಗೇ ಅಡಗಿದೆ. ಜೋಳ ತೊಗರಿಗಳನ್ನು ಬಡಿದು ತೂರುವುದನ್ನೇ ರಾಶಿ ಮಾಡುವುದೆನ್ನುವ ಔರಾದ ಭಾಲ್ಕಿಗಳ ರೈತನಿಗೆ ಈ ಅಧ್ಯಾಯದ ಹೆಸರನ್ನು ವ್ಯಾಖ್ಯಾನಿಸಿ ಹೇಳಬೇಕಾಗಿಲ್ಲ.

ಹೀಗೆ ನಿಂತ ಮರದ ಅಳತೆಗೆ ಬೇಕಾದ ಅಂಗಗಳು ಬೇರೆಬೇರೆ ವ್ಯವಹಾರಗಳಲ್ಲಿ ಹರಡಿಕೊಂಡಿವೆ: ಸಣ್ಣಗಾಗುವ ಬೊಡ್ಡೆಯ ಲೆಕ್ಕವು ಖಾತದಲ್ಲಿ, ಸುತ್ತಳತೆಯ ಯುಕ್ತಿಯು ರಾಶಿಯಲ್ಲಿ, ಎತ್ತರವು ಛಾಯೆಯಲ್ಲಿ. ಮರದ ಹೆಸರುಳ್ಳ ಕ್ರಕಚದಲ್ಲಿ ಮಾತ್ರ ಇವು ಯಾವುವೂ ಇಲ್ಲ. ಇವನ್ನು ಒಂದುಗೂಡಿಸುವ ಸಾಮರ್ಥ್ಯವು ಅವರಲ್ಲಿ ಇರಲಿಲ್ಲವೆನ್ನುವುದು ಅನ್ಯಾಯ. ಒಂದುಗೂಡಿಸಲು ಪ್ರೇರಿಸುವ ಪ್ರಶ್ನೆಯೇ ಹುಟ್ಟಿರಲಿಲ್ಲವೆಂದು ಊಹಿಸುವುದು ಯುಕ್ತ. ಮರವು ನೆಟ್ಟು ಕಾದು ಮಾರುವ ಬೆಳೆಯಾಗಿರದೆ ಕಾಡಿನಿಂದ ಕಡಿದು ತರುವ ವಸ್ತುವಾಗಿದ್ದಾಗ ಒಡೆಯನಿಗೆ ಖರ್ಚು ಕೂಲಿಯದೇ ಆಗಿತ್ತು. ತೇಗವನ್ನು ಸಾಲಾಗಿ ನೆಟ್ಟು ಬೆಳೆಸುವ ದೊಡ್ಡ ಪ್ರಯತ್ನವು ಮಲಬಾರಿನ ನೀಲಂಬೂರಿನಲ್ಲಿ ೧೮೪೦ರ ದಶಕದಲ್ಲಿ ಪ್ರಾರಂಭವಾಯಿತು. ಇಂತಿಷ್ಟು ವರ್ಷಕ್ಕೆ ಇಂತಿಷ್ಟು ಮರವೆಂಬ ಪ್ರಶ್ನೆಯು ಅಂತಹ ತೋಪುಗಳಿಗೆ ಸೇರಿದುದು.

ಪ್ರಾಚೀನರಲ್ಲಿ ನಿಜವಾಗಿ ಕಾಣದಿರುವುದು ಇನ್ನೊಂದು. ಬಾವಿಯನ್ನು ತೋಡುವವನು ತಾನು ಬಯಸಿದ ಆಕಾರಕ್ಕೆ ತೋಡುತ್ತಾನೆ, ಮರವು ಹಾಗಲ್ಲ. ಒಂದೇ ಸುತ್ತಳತೆಯ ಎರಡು ಮರಗಳು ಒಂದೇ ಘನಫಲವನ್ನು ಕೊಡುವುದಿಲ್ಲ. ಆದುದರಿಂದ ಅನೇಕ ಮರಗಳನ್ನು ಕಡಿದು, ತುಂಡು ತುಂಡಾಗಿ ಅಳೆದು, ಆ ಅಳತೆಗಳ ನಡುವೆ ಅತ್ಯಲ್ಪ ದೋಷದ ರೇಖೆಯನ್ನು ಎಳೆಯಬೇಕಾಗುತ್ತದೆ. ಇದಕ್ಕೆ ಬೇಕಾದ ಕನಿಷ್ಠವರ್ಗವಿಧಾನವನ್ನು ಲಜಾಂದ್ರನು ಪ್ರಕಟಿಸಿದ್ದು ೧೮೦೫ರಲ್ಲಿ. ವ್ಯಾಸ ಮತ್ತು ಎತ್ತರಗಳ ಘಾತಗಳಿಂದ ಘನಫಲವನ್ನು ಹೇಳುವ ಷೂಮಾಕರ್ ಮತ್ತು ಹಾಲ್ ಎಂಬವರ ಸಮೀಕರಣವು ೧೯೩೩ರದು. ಭಾರತದ ಮರಗಳಿಗೆ ಇಂತಹ ಸಮೀಕರಣಗಳನ್ನು ಭಾರತೀಯ ಅರಣ್ಯ ಸರ್ವೇಕ್ಷಣ ಸಂಸ್ಥೆಯು ೧೯೯೬ರಲ್ಲಿ ನೇಪಾಳ ಭೂತಾನಗಳನ್ನೂ ಸೇರಿಸಿ ಒಂದೆಡೆ ಪ್ರಕಟಿಸಿತು. ಒಂಬತ್ತು, ಹತ್ತು, ಹನ್ನೊಂದು ಎಂಬ ಭಾಸ್ಕರನ ಅಂಶಗಳೂ ಕಣದ ಅನುಭವದಿಂದಲೇ ಬಂದಿರಬೇಕು. ಆದರೆ ಅಂಶವು ಎಷ್ಟು ತಪ್ಪಬಹುದೆಂಬ ಮಾತು ಅಲ್ಲಿಲ್ಲ; ಇಂದಿನ ಸಮೀಕರಣದಲ್ಲಿ ತಪ್ಪಿನ ಪ್ರಮಾಣವೂ ಉತ್ತರದ ಒಂದು ಭಾಗವೇ.

ಆ ತಪ್ಪು ಎಲ್ಲಿಂದ ಬರುತ್ತದೆಂಬುದನ್ನು ಚಿದ್ರಿಯ ಮರವೇ ತೋರಿಸಬಲ್ಲುದು. ಒತ್ತಾಗಿ ನೆಟ್ಟ ತೋಪಿನಲ್ಲಿ ಮರಗಳು ಬೆಳಕಿಗಾಗಿ ಮೇಲಕ್ಕೆ ಏರಿ, ಬೊಡ್ಡೆಯು ನೀಳವಾಗಿ ನಿಧಾನವಾಗಿ ಸಣ್ಣಗಾಗುವುದು. ಬದುವಿನ ಮೇಲೆ ಒಂಟಿಯಾಗಿ ನಿಂತ ಮರವು ಕೆಳಗೇ ಕೊಂಬೆಯೊಡೆದು, ಗಿಡ್ಡಾಗಿ, ಬೇಗ ಸಣ್ಣಗಾಗುವುದು. ತೇವವುಳ್ಳ ಆಳವಾದ ಮಣ್ಣಿನಲ್ಲಿ ಒಂದು ಸುತ್ತಳತೆಗೆ ಬರುವ ಎತ್ತರವು ಜಂಬಿಟ್ಟಿಗೆಯ ತೆಳು ಮಣ್ಣಿನಲ್ಲಿ ಅದೇ ಸುತ್ತಳತೆಗೆ ಬರುವುದಿಲ್ಲ. ಆದುದರಿಂದ ಮಲೆನಾಡಿನ ತೋಪಿನಿಂದ ತೆಗೆದ ಏಕಾಂಕ ಕೋಷ್ಟಕವನ್ನು ಚಿದ್ರಿಯ ಬದುವಿನ ಮರಕ್ಕೆ ಹಚ್ಚಿದರೆ ಅದು ಇಲ್ಲದ ಮರವನ್ನು ಇದೆಯೆಂದು ಹೇಳುವುದು. ಕಾಲು ಸುತ್ತಳತೆಯ ನಿಯಮವಾದರೋ ಇರುವ ಮರವನ್ನು ಇಲ್ಲವೆನ್ನುವುದು. ಮೊದಲನೆಯ ತಪ್ಪು ಕಾಗದದ ಅಂದಾಜಿನಲ್ಲಿ, ಎರಡನೆಯದು ಕೈಗೆ ಬರುವ ಹಣದಲ್ಲಿ. ಇವು ಒಂದನ್ನೊಂದು ಸರಿತೂಗಿಸುವುವೆಂದು ತಿಳಿಯಲಾಗದು.

ಈ ವಿಷಯವು ಭಾಷೆಗೂ ಸಂಬಂಧಿಸಿದುದು. ಹನ್ನೆರಡನೆಯ ಶತಮಾನದಲ್ಲಿ ಪೂವಿನಬಾಗೆಯ ರಾಜಾದಿತ್ಯನು ವ್ಯವಹಾರಗಣಿತ, ಕ್ಷೇತ್ರಗಣಿತ ಮೊದಲಾದುವನ್ನು ಕನ್ನಡದಲ್ಲಿಯೇ ಬರೆದನು; ಅದಕ್ಕೂ ಮೊದಲೇ ಪಾವುಲೂರಿ ಮಲ್ಲನನು ಮಹಾವೀರನ ಗ್ರಂಥವನ್ನು ತೆಲುಗಿಗೆ ತಂದಿದ್ದನು. ಎಂದರೆ ಈ ಲೆಕ್ಕಗಳನ್ನು ದೇಶಭಾಷೆಗಳಲ್ಲಿ ಹೇಳುವುದು ಅಸಾಧ್ಯವ್ರತವೇನೂ ಆಗಿರಲಿಲ್ಲ. ಇಂದು ಮರದ ಲೆಕ್ಕವನ್ನು ಕನ್ನಡದಲ್ಲಿ ಬರೆಯುವವರು ಇಂಗ್ಲಿಷಿನಿಂದ ಒಂದೊಂದು ಪದಕ್ಕೆ ಒಂದೊಂದು ಸಂಸ್ಕೃತಸಮಾಸವನ್ನು ಹೊಸದಾಗಿ ಕಟ್ಟುತ್ತಿದ್ದಾರೆ. ಕರ್ಮಾಂತಿಕಫಲ, ಸೂಕ್ಷ್ಮಫಲ, ಪಟ್ಟಿಕೆ, ಮಾರ್ಗ ಎಂಬ ಪದಗಳು ಸಾವಿರ ವರ್ಷಗಳಿಗೂ ಹಿಂದೆಯೇ ನಿಶ್ಚಿತಾರ್ಥವನ್ನು ಪಡೆದಿದ್ದುವೆಂಬುದು ಅವರಿಗೆ ತಿಳಿದಂತಿಲ್ಲ. ಇತ್ತ ಬಡಗಿಗಳ ಬಾಯಲ್ಲಿ ಬೊಡ್ಡೆ, ದಿಮ್ಮಿ, ತೊಲೆ, ಹಲಗೆ, ಸೀಳು ಎಂಬ ಮಾತುಗಳು ತಮ್ಮ ತಮ್ಮ ಭೇದಗಳೊಡನೆ ಜೀವಂತವಾಗಿವೆ. ಪಠ್ಯಪುಸ್ತಕದ ಕರ್ತರು ಎರಡು ಕಡೆಗೂ ಕಿವಿಗೊಡದಿರುವುದು ವಿಚಿತ್ರ.

ಬೀದರದ ಕೋಟೆಯೊಳಗಿನ ರಂಗೀನ್ ಮಹಲಿನಲ್ಲಿ ಅಲೀ ಬರೀದನ (೧೫೪೨–೧೫೮೦) ಕಾಲದ ಕೆತ್ತನೆಯ ಮರದ ಕಂಬಗಳು ಇಂದಿಗೂ ನಿಂತಿವೆ. ಗುಲಾಮ್ ಯಜ್ದಾನಿಯವರು ೧೯೪೭ರಲ್ಲಿ ಪ್ರಕಟಿಸಿದ ಬೀದರದ ಸ್ಮಾರಕಗಳ ಗ್ರಂಥದಲ್ಲಿ ಈ ಮಹಲಿನ ವರ್ಣನೆಯನ್ನು ಓದಬಹುದು. ಕಲಾವಿಮರ್ಶಕರು ಕೆತ್ತನೆಯನ್ನು ನೋಡುತ್ತಾರೆ, ಇತಿಹಾಸಕಾರರು ಕಾಲವನ್ನು ನೋಡುತ್ತಾರೆ. ಒಂದೊಂದು ಕಂಬಕ್ಕೆ ಎಷ್ಟು ದಪ್ಪದ ದಿಮ್ಮಿ ಬೇಕಾಯಿತು, ಚೌಕ ಮಾಡುವಾಗ ಅದರಲ್ಲಿ ಎಷ್ಟು ಪಾಲು ಅಂಚಾಗಿ ಹೋಯಿತು, ಎಷ್ಟು ಮಾರ್ಗಗಳಲ್ಲಿ ಗರಗಸವು ಹಾಯಿತು ಎಂಬ ಪ್ರಶ್ನೆಗಳನ್ನು ಕಂಬದ ಉದ್ದವನ್ನೂ ಮಗ್ಗುಲನ್ನೂ ಅಳೆದು ಕೇಳಿದರೆ, ಮಹಾವೀರನ ಪಟ್ಟಿಕೆಯಲ್ಲಿಯೇ ಉತ್ತರವನ್ನು ಬರೆದಿಡಬಹುದು.